ಗೀಸರಿನ ಸೇಫ್ಟಿ ವಾಲ್ವ್‌ಗೆ ‘ಪರಿಹಾರ ಕವಾಟ’ ಅನ್ನೋದಾ? ‘ಕೋಡಿ’ ಅಂದ್ರೆ ಹೇಗೆ?

ಎಲ್ರಿಗೂ ನಮಸ್ಕಾರ. ಒಂದೇ ಒಂದು ಪದಕ್ಕೆ ನಾಲ್ಕು ದಿನದಿಂದ ಸಿಕ್ಕಾಕೊಂಡಿದ್ದೀನಿ, ನಿಮಗ್ಯಾರಿಗಾದ್ರೂ ಹೊಳೀಬಹುದು ಅಂತ ಕೇಳ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ದೊಡ್ಡಪ್ಪನ ಮಗ ಮೂಡಿಗೆರೆ ಹತ್ರ ಹೋಮ್‌ಸ್ಟೇ ನಡೆಸ್ತಾನೆ. ಆರು ರೂಮು, ಆರು ಬಚ್ಚಲು, ಆರಕ್ಕೂ 25 ಲೀಟರಿನ ಗೀಸರು. ಹೋದ ತಿಂಗಳು ಹಾಸನದಿಂದ ನಾವೆಲ್ಲ ಹೋಗಿದ್ವಿ, ನಮಗೆ ಕೊಟ್ಟ ರೂಮಲ್ಲಿ ಗೀಸರಿನ ಕೆಳಗೆ ತಣ್ಣೀರು ಪೈಪ್ ಸೇರೋ ಜಾಗದಲ್ಲಿ ಹೆಬ್ಬೆರಳು ಗಾತ್ರದ ಹಿತ್ತಾಳೆ ವಾಲ್ವ್ ಇತ್ತಲ್ಲ, ಅದರ ಮೂತಿಗೆ ಗೇಣುದ್ದ ಪ್ಲಾಸ್ಟಿಕ್ ಪೈಪ್ ಸಿಗಿಸಿ, ತುದಿ ಮಡಚಿ, ಬೈಂಡಿಂಗ್ ವೈರಲ್ಲಿ ಬಿಗಿದು ಕಟ್ಟಿದ್ರು. ಇದೇನೋ ಅಂದ್ರೆ ಕೆಲಸದ ಹುಡುಗ ಹೇಳಿದ, “ಲೀಕ್ ಆಯ್ತಿತ್ತು ಅಕ್ಕ, ಪ್ಲಂಬರ್ ಬಂದು ರೆಡಿ ಮಾಡಿ ಹೋದ್ರು.” ರೆಡಿ ಮಾಡಿದ್ದು ಅದು! ಸ್ವಿಚ್ ಆಫ್ ಮಾಡಿ, ನೀರು ತಣ್ಣಗಾದ ಮೇಲೆ ಮಾರನೇ ದಿನ ಅಣ್ಣ ಕಟಿಂಗ್ ಪ್ಲೇಯರಲ್ಲಿ ವೈರ್ ಕತ್ತರಿಸಿದ್ರೆ ಪಿಚಕ್ ಅಂತ ಒಂದು ಸಲ ಗೋಡೆಗೆ ಹಾರಿ ಆಮೇಲೆ ಸುಮ್ಮನಾಯ್ತು.

ಅಲ್ಲಿಗೆ ನನ್ನ ತಲೆಗೆ ಬಂತು ಕೆಲಸ. “ನೀನು ಕನ್ನಡ ಕನ್ನಡ ಅಂತೀಯಲ್ಲ, ಒಂದು ಶೀಟ್ ಬರ್ಕೊಡು, ಇದನ್ನ ಯಾರೂ ಮುಚ್ಚಬಾರ್ದು ಅಂತ, ಎಲ್ಲಾ ಬಚ್ಚಲಿಗೂ ನೇತಾಕ್ತೀನಿ” ಅಂದ. ಬರೆಯೋಕೆ ಕೂತ್ರೆ ಮೊದಲನೇ ಪದಕ್ಕೇ ನಿಂತೆ.

ಮೊಬೈಲಲ್ಲಿ ಅನುವಾದಕ್ಕೆ ಹಾಕಿದ್ರೆ ಬಂದಿದ್ದು ‘ಸುರಕ್ಷತಾ ಪರಿಹಾರ ಕವಾಟ’. ಆ ಹುಡುಗನಿಗೇ ಓದೋಕೆ ಕೊಟ್ಟೆ. ಎರಡು ಸಲ ಓದಿ, “ಇದು ಒಡುದ್ರೆ ಪರಿಹಾರ ಕೊಡ್ತಾರಾ ಅಕ್ಕ?” ಅಂದ. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ್ದು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಪರಿಹಾರ ಅಂದ್ರೆ ಆನೆ ಬಂದು ತೋಟ ತುಳಿದಿದ್ದಕ್ಕೆ ಸರ್ಕಾರ ಕೊಡೋ ದುಡ್ಡು, ಇಲ್ಲಾಂದ್ರೆ ಬೆಳೆ ಪರಿಹಾರ. ಇಂಗ್ಲಿಷಿನ ರಿಲೀಫ್‌ನಲ್ಲಿ ಭಾರ ಇಳಿಯೋದೂ ಇದೆ, ನೆರೆ ಬಂದವರಿಗೆ ಅಕ್ಕಿ ಹಂಚೋದೂ ಇದೆ, ನಾವು ಎರಡನೇದನ್ನ ಹಿಡ್ಕೊಂಡು ವಾಲ್ವಿಗೆ ಅಂಟಿಸಿದ್ದೀವಿ ಅಷ್ಟೇ.

‘ಕವಾಟ’ದ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಸಂಸ್ಕೃತದಲ್ಲಿ ಅದು ಬಾಗಿಲು, ಕಪಾಟ ಅಂದ್ರೂ ಅದೇ, ನಮ್ಮ ಬಟ್ಟೆ ಇಡೋ ಕಪಾಟು ಬಂದಿದ್ದೂ ಅಲ್ಲಿಂದಾನೇ. ಸ್ಕೂಲಲ್ಲಿ ಹೃದಯದ ದ್ವಿದಳ ಕವಾಟ, ತ್ರಿದಳ ಕವಾಟ ಅಂತ ಬಾಯಿಪಾಠ ಮಾಡಿದ್ದೀವಲ್ಲ, ಅಲ್ಲಿ ಸರಿಯಾಗೇ ಕೂರುತ್ತೆ, ಒಂದೇ ಕಡೆ ತೆರೆಯೋ ಬಾಗಿಲು ಅದು. ಗೀಸರಲ್ಲೂ ಬಿಸಿನೀರು ವಾಪಸ್ ತಣ್ಣೀರು ಪೈಪಿಗೆ ಹೋಗದ ಹಾಗೆ ತಡೆಯೋ ಭಾಗ ಇದೆಯಲ್ಲ, ಅದನ್ನ ಕವಾಟ ಅಂದ್ರೆ ಒಪ್ತೀನಿ. ನಮ್ಮಲ್ಲಿ ಸಿಗೋ ಗೀಸರುಗಳಲ್ಲಿ ಆ ಬಾಗಿಲು, ಈ ಪ್ರೆಷರ್ ಬಿಡೋ ವಾಲ್ವು ಎರಡೂ ಸಾಮಾನ್ಯವಾಗಿ ಒಂದೇ ಹಿತ್ತಾಳೆ ತುಂಡಲ್ಲಿ ಇರುತ್ತೆ, ಗೊಂದಲಕ್ಕೆ ಅದೂ ಒಂದು ಕಾರಣ.

ಈಗ ಹನಿ ಯಾಕೆ ಬೀಳುತ್ತೆ ಅನ್ನೋದು, ಯಾಕಂದ್ರೆ ಪದ ಅಲ್ಲಿಂದಾನೇ ಹುಟ್ಟಬೇಕು. 20 ಡಿಗ್ರಿ ನೀರನ್ನ 70ಕ್ಕೆ ಕಾಯಿಸಿದ್ರೆ ನೂರಕ್ಕೆ ಎರಡು ಪಾಲಿನಷ್ಟು ಹಿಗ್ಗುತ್ತೆ, 25 ಲೀಟರಿಗೆ ಹತ್ರ ಹತ್ರ ಅರ್ಧ ಲೀಟರು. ನಲ್ಲಿ ಬಂದಾಗಿದೆ, ಹಿಂದಕ್ಕೆ ಹೋಗೋಕೆ ಆ ಬಾಗಿಲು ಬಿಡಲ್ಲ, ಉಕ್ಕಿನ ಟ್ಯಾಂಕು ಹಿಗ್ಗಲ್ಲ, ಆ ಅರ್ಧ ಲೀಟರ್ ಎಲ್ಲಿಗೆ ಹೋಗ್ಬೇಕು ಹೇಳಿ? ಪ್ರೆಷರ್ ಏರ್ತಾ ಏರ್ತಾ ವಾಲ್ವಿನ ಒಳಗಿನ ಸ್ಪ್ರಿಂಗನ್ನ ಎತ್ತಿ ತೊಟ್ಟು ತೊಟ್ಟಾಗಿ ಆಚೆ ಬರುತ್ತೆ. ಬಹಳಷ್ಟು ಗೀಸರಿನ ಮೇಲೆ 8 ಬಾರ್ ಅಂತ ಬರೆದಿರುತ್ತೆ, ಅಂದ್ರೆ 80 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದ್ರೆ ತಳದಲ್ಲಿ ಎಷ್ಟು ಒತ್ತುತ್ತೋ ಅಷ್ಟು. ಇದು ದಿನಾ ನಡೆಯೋ ಹನಿ. ಇನ್ನೊಂದು ಭಯದ್ದು. ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟ್ ಕೆಟ್ಟು, ಅದು ಕೆಟ್ರೆ ಕರೆಂಟ್ ಕಡಿಯೋಕೆ ಅಂತಿರೋ ಕಟೌಟ್ ಕೂಡ ಕೈಕೊಟ್ಟು ಕಾಯಿಲ್ ಕಾಯ್ತಾನೇ ಇದ್ರೆ? ನಮ್ಮ ಚಿಕ್ಕಮಗಳೂರಿನ ಎತ್ತರಕ್ಕೆ ಹಂಡೆ ನೀರು 97 ಡಿಗ್ರಿ ಹತ್ರಾನೇ ಕುದಿಯುತ್ತೆ, ಆದ್ರೆ 8 ಬಾರ್ ಪ್ರೆಷರಲ್ಲಿ 170 ದಾಟಿದ್ರೂ ಕುದಿಯಲ್ಲ, ನೀರಾಗೇ ಇರುತ್ತೆ. ಆಗ ಟ್ಯಾಂಕ್ ಬಿರುಕು ಬಿಟ್ರೆ ಅದರಲ್ಲಿ ಒಂದು ಪಾಲು ಆ ಕ್ಷಣಕ್ಕೇ ಹಬೆ ಆಗುತ್ತೆ, ಹಬೆಗೆ ನೀರಿಗಿಂತ ಸಾವಿರದ ಆರುನೂರು ಪಟ್ಟು ಜಾಗ ಬೇಕು. ಬೈಂಡಿಂಗ್ ವೈರ್ ಕಟ್ಟಿದವರು ಮುಚ್ಚಿದ್ದು ಇದರ ದಾರೀನ.

ನೋಡಿ, ಇಲ್ಲಿ ತಪ್ಪು ಮಾಡಿಸಿದ್ದು ‘ಲೀಕು’ ಅನ್ನೋ ಪದ ಅಂತ ನನಗನ್ಸುತ್ತೆ. ಲೀಕ್ ಅಂದಮೇಲೆ ನಿಲ್ಲಿಸಲೇಬೇಕಲ್ಲ! ‘ಸೋರ್ತಿದೆ’ ಅಂದ್ರೂ ಅದೇ ಕಥೆ, ಸೋರೋದು ಹೆಂಚು, ಸೋರೋದು ತೂತು ಕೊಡ, ರಿಪೇರಿ ಆಗಬೇಕಾದ್ದು. ‘ತೊಟ್ಟಿಕ್ಕು’, ‘ಜಿನುಗು’ ಪರವಾಗಿಲ್ಲ, ತಪ್ಪು ಹೊರಿಸಲ್ಲ. ನಮ್ಮತ್ತೆ “ಗೀಸರು ಜೊಲ್ಲು ಸುರಿಸ್ತದೆ ಕಣೇ” ಅಂತಾರೆ, ಮಗು ಜೊಲ್ಲು ಸುರಿಸಿದ್ರೆ ಯಾರೂ ಬಾಯಿ ಹೊಲಿಯಲ್ಲ, ಹಾಗಾಗಿ ಅದು ಲೀಕ್‌ಗಿಂತ ಸಾವಿರ ಪಾಲು ವಾಸಿ. ಮಡಕೆ ಬೆವರುತ್ತೆ ಅಂತೀವಲ್ಲ, ಹಂಗೆ ‘ಗೀಸರು ಬೆವರುತ್ತೆ’ ಅಂತ ಬರೆದ್ರೆ ಹೇಗೆ ಅಂತಾನೂ ಯೋಚಿಸ್ದೆ, ಆದ್ರೆ ಮೈಯೆಲ್ಲ ಒದ್ದೆ ಆಗಿದೆಯೇನೋ ಅನ್ಕೊಂಡು ಕರೆಂಟ್ ಹೊಡೆಯುತ್ತೆ ಅಂತ ಹೆದರ್ತಾರೆ. ಬಿಟ್ಟೆ.

ವಾಲ್ವಿಗೆ ನನಗೆ ಹೊಳೆದಿದ್ದು ‘ಕೋಡಿ’. ಕೆರೆಗೆ ತೂಬು ಬೇರೆ ಕೋಡಿ ಬೇರೆ. ತೂಬನ್ನ ನೀರುಗಂಟಿ ಬಂದು ಎತ್ತಬೇಕು, ಕೋಡಿಗೆ ಯಾರೂ ಬೇಡ, ನೀರು ಆ ಮಟ್ಟ ಮುಟ್ಟಿದ್ರೆ ತಾನೇ ಹೋಗುತ್ತೆ, ಏರಿ ಉಳಿಯುತ್ತೆ. ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಕೋಡಿಗೆ ಕಲ್ಲು ಮಣ್ಣು ಮೂಟೆ ಇಟ್ರೆ ಏರಿ ಒಡೆಯುತ್ತೆ ಅನ್ನೋದು ಕೆರೆ ಇರೋ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಖರಾಯಪಟ್ಟಣದ ಅಯ್ಯನಕೆರೆ ಕೋಡಿ ಬಿದ್ರೆ ಜನ ನೋಡೋಕೆ ಹೋಗ್ತಾರೆ, ಪೂಜೆ ಮಾಡಿ ಬಾಗಿನ ಬಿಡ್ತಾರೆ, ಅಯ್ಯೋ ಲೀಕ್ ಆಗ್ತಿದೆ ಅಂತ ಯಾರಾದ್ರೂ ಅಂತಾರಾ? (ಕಡೂರಿನ ಮದಗದ ಕೆರೆ ನೆನಪಾಯ್ತು, ತಮಿಳಲ್ಲಿ ಮದಗು ಅಂದ್ರೆ ತೂಬು. ಆ ಎಳೆ ಹಿಡ್ಕೊಂಡು ಹೋದ್ರೆ ಇವತ್ತು ಈ ಪತ್ರ ಮುಗಿಯಲ್ಲ.)

ಅಪ್ಪನಿಗೆ ಹೇಳಿದ್ರೆ ಎರಡು ತಕರಾರು ತೆಗೆದ್ರು. ಒಂದು, ‘ಕಣ್ಣೀರ ಕೋಡಿ’ ಅಂತೀವಿ, ಕೋಡಿ ಅಂದ್ರೆ ಧಾರಾಳ ಹರಿಯೋದು, ಇಲ್ಲಿ ಬೀಳೋದು ಹನಿ. ಎರಡು, ಕೋಡಿ ಸುಮ್ಮನೆ ಕಟ್ಟಿದ ಜಾಗ, ಅದರಲ್ಲಿ ಸ್ಪ್ರಿಂಗಿಲ್ಲ, ಎತ್ತೋ ಬಿಲ್ಲೆ ಇಲ್ಲ. ಬೆಳಕಿಂಡಿ ತರ ‘ಒತ್ತಡಗಿಂಡಿ’ ಮಾಡು ಅಂದ್ರು. ಕಿಂಡಿ ಅಂದ್ರೆ ಯಾವಾಗ್ಲೂ ತೆರೆದಿರುತ್ತಲ್ಲಪ್ಪ ಅಂದೆ, ಸುಮ್ಮನಾದ್ರು. ಆದ್ರೆ ಅವರ ಮೊದಲನೇ ಮಾತಲ್ಲಿ ಹುರುಳಿದೆ. ಇಂಜಿನಿಯರುಗಳೂ ಇದನ್ನ ಎರಡಾಗಿ ನೋಡ್ತಾರಂತೆ: ಪ್ರೆಷರ್ ಏರಿದಷ್ಟೂ ನಿಧಾನಕ್ಕೆ ತೆರೆದುಕೊಳ್ಳೋದು ರಿಲೀಫ್ ವಾಲ್ವು, ಹೆಚ್ಚಾಗಿ ನೀರಿನಂಥ ದ್ರವಕ್ಕೆ, ಒಂದೇ ಸಲ ಟಪ್ ಅಂತ ಪೂರ್ತಿ ಹಾರೋದು ಸೇಫ್ಟಿ ವಾಲ್ವು, ಹಬೆಗೆ, ಎರಡಕ್ಕೂ ಆಗೋದು ಸೇಫ್ಟಿ ರಿಲೀಫ್ ವಾಲ್ವು. 1679ರಲ್ಲಿ ಡೆನಿ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಮೂಳೆ ಬೇಯಿಸೋಕೆ ಮಾಡಿದ ಮುಚ್ಚಿದ ಪಾತ್ರೆ, ನಮ್ಮ ಕುಕ್ಕರಿನ ಮುತ್ತಜ್ಜ ಅನ್ನಿ, ಸನ್ನೆಕೋಲಿಗೆ ಭಾರ ನೇತಾಕಿದ ವಾಲ್ವು ಬಂದಿದ್ದು ಅದಕ್ಕೇ.

ಕುಕ್ಕರ್ ಅಂದಾಗ ಇನ್ನೊಂದು. ಅಡುಗೆಮನೆಯಲ್ಲಿ ನಾವು ಈ ಜಗಳವನ್ನ ಯಾವತ್ತೋ ಮುಗಿಸಿದ್ದೀವಿ. ವೆಯ್ಟನ್ನ ಹಬೆ ಎತ್ತಿದ್ರೆ ‘ಕುಕ್ಕರ್ ಕೂಗ್ತು’, ಮುಚ್ಚಳದ ಬಿಲ್ಲೆ ಕರಗಿ ಹೋದ್ರೆ ‘ಸೇಫ್ಟಿ ಹೋಯ್ತು’. ವಾಲ್ವು ಅನ್ನೋದನ್ನೂ ಬಿಟ್ಟು ಬರೀ ‘ಸೇಫ್ಟಿ’. ಹಾಗಾಗಿ ಗೀಸರಿಗೂ ‘ಸೇಫ್ಟಿ’ ಅಂತಲೇ ಬರೆದುಬಿಡೋದು ವಾಸಿನಾ ಅಂತ ಒಂದು ಮನಸ್ಸು. ತೊಂದರೆ ಏನಂದ್ರೆ ಕುಕ್ಕರ್ ಸೇಫ್ಟಿ ಹೋದ್ರೆ ಕೆಟ್ಟಿದೆ ಅಂತ ಅರ್ಥ, ಹೊಸದು ಹಾಕಿಸ್ತೀವಿ. ಗೀಸರಿಂದು ಹನಿಸಿದ್ರೆ ಸರಿಯಾಗಿದೆ ಅಂತ ಅರ್ಥ. ಉಲ್ಟಾ ಆಗ್ಬಿಡುತ್ತೆ.

ಈಗ ಶೀಟಲ್ಲಿ ಹಿಂಗೆ ಬರೆದಿಟ್ಟಿದ್ದೀನಿ: “ಗೀಸರಿನ ಕೆಳಗಿರುವುದು ಪ್ರೆಷರ್ ಕೋಡಿ. ನೀರು ಕಾಯುವಾಗ ಇಲ್ಲಿಂದ ಹನಿ ಬೀಳಬೇಕು, ಇದು ಲೀಕ್ ಅಲ್ಲ. ಕಟ್ಟಬೇಡಿ, ಮುಚ್ಚಬೇಡಿ. ಸ್ವಿಚ್ ಆಫ್ ಇದ್ದರೂ ಸುರಿಯುತ್ತಿದ್ದರೆ, ಇಲ್ಲವೇ ಹಬೆ ಬಂದರೆ, ಹತ್ತಿರ ಹೋಗಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ನಮಗೆ ಹೇಳಿ.” ‘ಪ್ರೆಷರ್ ಕೋಡಿ’ ಅನ್ನೋ ಅರ್ಧ ಇಂಗ್ಲಿಷ್ ಅರ್ಧ ಕನ್ನಡ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ? ‘ಒತ್ತಡ ಕೋಡಿ’ಗಿಂತ ನನಗೆ ಇದೇ ಬಾಯಿಗೆ ಬರುತ್ತೆ. ಕುಂದಾಪುರದ ಕಡೆಯವರಿಗೆ ಕೋಡಿ ಅಂದ್ರೆ ಆ ಊರೇ ನೆನಪಾಗುತ್ತೇನೋ, ಅವರೂ ಹೇಳಿ. ನಿಮ್ಮೂರ ಪ್ಲಂಬರುಗಳು ‘ವಾಲು’ ಬಿಟ್ಟು ಬೇರೇನಾದ್ರೂ ಅಂತಾರಾ, ಅದಂತೂ ಬೇಕೇ ಬೇಕು.

ಶನಿವಾರ ಮೂಡಿಗೆರೆಗೆ ಹೋಗ್ತಿದ್ದೀನಿ. ಶುಕ್ರವಾರ ಸಾಯಂಕಾಲದೊಳಗೆ ತಿಳಿಸಿದ್ರೆ ತಿದ್ದಿ ಲ್ಯಾಮಿನೇಷನ್ ಮಾಡಿಸ್ಕೊಂಡು ಹೋಗ್ತೀನಿ, ಆರು ಕಾಪಿ.