‘ಒಡೆಯದ ಸಂಖ್ಯೆ’ ಅಂದರೆ ಯಾವುದು?

ಮಂಡ್ಯದ ಹೈಸ್ಕೂಲು ಮಕ್ಕಳಿಗಾಗಿ ದೊಡ್ಡ ಸಂಖ್ಯೆಗಳ ಬಗ್ಗೆ ಒಂದು ಪುಟ್ಟ ಬರಹ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಬಲ್ಲವರು ನೆರವಾಗಬೇಕು.

ಪಠ್ಯಪುಸ್ತಕದಲ್ಲಿ 97 ಅವಿಭಾಜ್ಯ ಸಂಖ್ಯೆ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು), 91 ಸಂಯುಕ್ತ ಸಂಖ್ಯೆ (ಹಾಗೆ ಭಾಗವಾಗುವಂಥದ್ದು). 91ನ್ನು 7 × 13 ಎಂದು ಬರೆದರೆ ಅದು ಅಪವರ್ತಿಸುವುದು. 7, 13 ಅದರ ಅಪವರ್ತನಗಳು. ಬಾಯಿಮಾತಿನಲ್ಲಿ ಅವರು ಹೇಳುವುದೇ ಬೇರೆ: ‘91 ಒಡೆಯುತ್ತೆ, 97 ಒಡೆಯಲ್ಲ.’ ನನಗೆ ಇದು ತುಂಬಾ ಹಿಡಿಸಿತು. ಬರಹದಲ್ಲೂ ಹೀಗೇ ಬರೆಯೋಣ ಅಂತ ಹೊರಟೆ.

ತೊಡಕು ಬಂದಿದ್ದು ಈ ಸಂಖ್ಯೆಯಿಂದ: 147573952589676412927. 2ರ 67ನೇ ಘಾತದಿಂದ 1 ಕಳೆದರೆ ಬರುವುದು ಇದು. ಇದನ್ನು ಅವಿಭಾಜ್ಯ ಎಂದು ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ ಪಟ್ಟಿಗೆ ಸೇರಿಸಿದ್ದ. ಅಲ್ಲ, ಇದು ಸಂಯುಕ್ತ ಎಂದು 1876ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದ. ಆದರೆ ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. 193707721 × 761838257287 ಎಂದು ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ.

ಅಪವರ್ತನ ಸಿಗದೆ ಸಂಯುಕ್ತ ಅಂತ ಹೇಗೆ ಗೊತ್ತಾಗುತ್ತೆ? 91ನ್ನೇ ನೋಡಿ. ಬೆಸ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, 2ಕ್ಕೆ ಅದಕ್ಕಿಂತ ಒಂದು ಕಡಿಮೆ ಘಾತ ಹಾಕಿ ಅದರಿಂದಲೇ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಇದು ಫ್ರೆಂಚ್ ಗಣಿತಜ್ಞ ಫರ್ಮಾ ಕಂಡ ನಿಯಮ. 2ರ 90ನೇ ಘಾತವನ್ನು 91ರಿಂದ ಭಾಗಿಸಿದರೆ ಉಳಿಯುವುದು 64. ಅಲ್ಲಿಗೆ ಮುಗಿಯಿತು, 91 ಅವಿಭಾಜ್ಯ ಅಲ್ಲ. 7, 13ರ ಹೆಸರೇ ಎತ್ತಲಿಲ್ಲ! ಲ್ಯೂಕಾ ಬಳಸಿದ ಪರೀಕ್ಷೆ ಬೇರೆ, ತಿರುಳು ಇದೇ ಬಗೆಯದು.

ಹಾಗಾದರೆ 1876ರಿಂದ 1903ರವರೆಗೆ ಆ ಸಂಖ್ಯೆಯನ್ನು ಕನ್ನಡದಲ್ಲಿ ಏನನ್ನಬೇಕು? ‘ಒಡೆಯದ ಸಂಖ್ಯೆ’ ಅಂದರೆ ಕೆಟ್ಟಿತು. ನಮ್ಮ ‘-ಅದ’ ರೂಪಕ್ಕೆ ಕಾಲವೇ ಇಲ್ಲ. ‘ಬಾಡದ ಹೂವು’ ಅಂದರೆ ಇನ್ನೂ ಬಾಡಿಲ್ಲದ ಹೂವೂ ಹೌದು, ಎಂದೂ ಬಾಡದ ಹೂವೂ ಹೌದು. ‘ಒಡೆಯಲಾಗದ’ ಅಂದರೂ ಬಗೆಹರಿಯಲ್ಲ. ಸಂಖ್ಯೆಯ ಗುಣವೇ ಹಾಗೋ, ನಮ್ಮ ಕೈಲಿ ಆಗಲಿಲ್ಲವೋ? ಗಣಿತದಲ್ಲಿ ಇವೆರಡೂ ಒಂದಾಗುವ ಹಾಗಿಲ್ಲ.

ನನಗೆ ತೋಚಿದ್ದು ‘ಬಿಡಿಸು’. ‘ಒಡೆ’ ಎರಡೂ ಕಡೆ ನಡೆಯುತ್ತದೆ: ಮಡಕೆ ಒಡೆಯಿತು, ಮಡಕೆ ಒಡೆದರು. ‘ಬಿಡಿಸು’ ಹಾಗಲ್ಲ, ಬಿಡಿಸುವವರು ಒಬ್ಬರು ಇರಲೇಬೇಕು. ಹಾಗಾಗಿ ‘ಬಿಡಿಸದ ಸಂಖ್ಯೆ’ ಅಂದಾಗ ಕೊರತೆ ನಮ್ಮದು, ಸಂಖ್ಯೆಯದಲ್ಲ. ನಮ್ಮ ಕಡೆ ಅವರೆಕಾಯಿ ಬಿಡಿಸುವ ಮುಂಚೆಯೇ ಒತ್ತಿ ನೋಡಿದರೆ ಒಳಗೆ ಕಾಳಿದೆ ಅಂತ ಗೊತ್ತಾಗುತ್ತೆ ಅಲ್ವಾ, ಹಾಗೆ. 97 ‘ಒಡೆಯದ’ ಸಂಖ್ಯೆ, ಲ್ಯೂಕಾನ ಕಾಲದ ಆ ಸಂಖ್ಯೆ ‘ಇನ್ನೂ ಬಿಡಿಸದ’ ಸಂಯುಕ್ತ ಸಂಖ್ಯೆ.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. 2ರ 1,67,77,216ನೇ ಘಾತಕ್ಕೆ 1 ಕೂಡಿಸಿದರೆ 50 ಲಕ್ಷಕ್ಕೂ ಜಾಸ್ತಿ ಅಂಕಿಗಳ ಸಂಖ್ಯೆ ಸಿಗುತ್ತದೆ. ಅದು ಸಂಯುಕ್ತ ಎಂದು 1999ರಲ್ಲೇ ಕಂಪ್ಯೂಟರಿನಿಂದ ಖಚಿತವಾಗಿದೆ. ಅದರ ಒಂದು ಅಪವರ್ತನವೂ ಸಿಕ್ಕಿಲ್ಲ. ಇಂಥದ್ದಕ್ಕೆ ಹೆಸರು ಬೇಕೇ ಬೇಕು.

ಒಂದು ಅಳುಕು ಇದೆ. ‘ಲೆಕ್ಕ ಬಿಡಿಸು’ ಆಗಲೇ ಬಳಕೆಯಲ್ಲಿದೆ, ‘ಸಂಖ್ಯೆ ಬಿಡಿಸು’ ಅದರ ಜೊತೆ ಗೊಂದಲ ಮಾಡುತ್ತದೆಯೇ? ‘ಒಡೆದಿರದ’ ಎನ್ನುವುದೇ ಸಾಕೇ? ಮೈಸೂರು, ಮಂಡ್ಯ ಕಡೆ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿದ ಹಿರಿಯ ಮೇಷ್ಟ್ರುಗಳು ಇಲ್ಲಿದ್ದರೆ, ಅಪವರ್ತಿಸುವುದಕ್ಕೆ ತರಗತಿಯಲ್ಲಿ ಯಾವ ಮಾತು ಆಡುತ್ತಿದ್ದಿರಿ, ದಯವಿಟ್ಟು ತಿಳಿಸಿ.