ನರ್ಸರಿಯಲ್ಲಿ ಸಿಬ್ಬಂದಿ ಕೊರತೆ: ಎಷ್ಟು ದಿನ ತಾಳಿಕೊಳ್ಳುವುದು?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಎರಡು ವರ್ಷದ ಮಗಳ ನರ್ಸರಿಯವರು ಸಿಬ್ಬಂದಿ ಸಾಲದೆಂದು ಈ ತಿಂಗಳು ಮೂರನೆಯ ಬಾರಿ ಬೆಳಿಗ್ಗೆ ಏಳಕ್ಕೆ ಸಂದೇಶ ಕಳಿಸಿ ಅವಳ ಕೋಣೆಯನ್ನು ಮುಚ್ಚಿದರು; ಶುಲ್ಕ ಮಾತ್ರ ಪೂರ್ತಿ. ಅಲ್ಲಿನವರ ಮೇಲೆ ರೇಗಲು ಮನಸ್ಸಾಗದು, ಸುಮ್ಮನಿರಲೂ ಆಗದು.

ಉತ್ತರ 1: ಎರಡು ವರ್ಷದ ಐದು ಮಕ್ಕಳಿಗೆ ಕನಿಷ್ಠ ಒಬ್ಬರು ಇರಲೇಬೇಕೆಂಬುದು ಅಲ್ಲಿನ ನಿಯಮ, 2023ರ ಸೆಪ್ಟೆಂಬರಿಗೆ ಮೊದಲು ನಾಲ್ವರಿಗೆ ಒಬ್ಬರು. ಹಾಗಾಗಿ ಕೋಣೆ ಮುಚ್ಚಿದ್ದು ಉದಾಸೀನವಲ್ಲ.

ಉತ್ತರ 2: ನಾನು ಇಂಥದೇ ನರ್ಸರಿಯಲ್ಲಿ ದುಡಿಯುತ್ತೇನೆ. 2025ರ ಸೆಪ್ಟೆಂಬರಿನಿಂದ, ದುಡಿಯುವ ತಂದೆತಾಯಿಯರ ಒಂಬತ್ತು ತಿಂಗಳ ಕೂಸಿಗೂ ಶಾಲಾವಧಿಯಲ್ಲಿ ವಾರಕ್ಕೆ 30 ಗಂಟೆಗಳ ಆರೈಕೆಗೆ ಸರ್ಕಾರಿ ನೆರವು ದೊರೆಯುತ್ತಿರುವುದರಿಂದ ನಮ್ಮಲ್ಲಿ ಮಕ್ಕಳು ಹೆಚ್ಚಿದರು, ಸಂಬಳ ಹೆಚ್ಚಲಿಲ್ಲ. ಜೊತೆಯವರಿಬ್ಬರು ಸೂಪರ್‌ಮಾರ್ಕೆಟ್ ಸೇರಿದರು. ಬಾಗಿಲಲ್ಲಿ ನಿಂತವಳನ್ನು ಬೈಯದೆ, ಶುಲ್ಕದ ಬಗ್ಗೆ ಮ್ಯಾನೇಜರಿಗೆ ಬರೆಯಿರಿ.

ಪ್ರಶ್ನೆ ಕೇಳಿದವರು: ಒಪ್ಪಂದಪತ್ರವನ್ನು ಈಗಷ್ಟೇ ಹುಡುಕಿ ತೆಗೆದೆ (ಸಹಿ ಹಾಕುವಾಗ ಓದಿರಲಿಲ್ಲ). ಇಂದೇ ಬರೆಯುತ್ತೇನೆ.