ಕ್ಲಬ್‌ಹೌಸ್ ಯಾವ ಹಂತದ ನೋಂದಣಿಯಲ್ಲಿದೆ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಬೆಂಗಳೂರಿನ ಹೊರವಲಯದಲ್ಲಿ ನಾಲ್ಕು ಹಂತಗಳಲ್ಲಿ ಕಟ್ಟುತ್ತಿರುವ ದೊಡ್ಡ ವಸತಿ ಸಮುಚ್ಚಯವೊಂದರ ಮೊದಲ ಹಂತದಲ್ಲಿ ನಾವು ಫ್ಲಾಟ್ ಕೊಂಡು ಎರಡು ವರ್ಷವಾಯಿತು. ಬ್ರೋಷರಿನಲ್ಲಿ ಕ್ಲಬ್‌ಹೌಸ್, ಈಜುಕೊಳ, ಬ್ಯಾಡ್ಮಿಂಟನ್ ಅಂಕಣ ಎಲ್ಲವೂ ಇದ್ದವು. ಇಂದಿಗೂ ಆಗಿರುವುದು ಒಂದು ಸಣ್ಣ ಉದ್ಯಾನ ಮಾತ್ರ. ಸಾಲದೆಂಬಂತೆ, ಆಟದ ಮೈದಾನವೆಂದು ತೋರಿಸಿದ್ದ ಜಾಗದಲ್ಲಿ ಮತ್ತೊಂದು ಟವರ್ ಬರಲಿದೆಯಂತೆ. ನಾವೇನು ಮಾಡಬಹುದು?

ವಕೀಲರ ಉತ್ತರ: ಮೊದಲು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ನಿಮ್ಮ ಯೋಜನೆಯ ವಿವರಗಳನ್ನು ತೆರೆದು, ಕ್ಲಬ್‌ಹೌಸ್ ಯಾವ ಹಂತದ ನೋಂದಣಿಯಲ್ಲಿ ನಮೂದಾಗಿದೆಯೆಂದು ನೋಡಿ. ಹಂತ ಹಂತವಾಗಿ ಕಟ್ಟುವಾಗ ಪ್ರತಿ ಹಂತವನ್ನೂ ಪ್ರತ್ಯೇಕ ಯೋಜನೆಯೆಂದೇ 2016ರ ರೇರಾ ಕಾಯ್ದೆ ಪರಿಗಣಿಸುವುದರಿಂದ, ನಿಮಗೆ ತೋರಿಸಿದ ಈಜುಕೊಳ ಮೂರನೆಯ ಹಂತದಲ್ಲಿ ನೋಂದಣಿಯಾಗಿದ್ದರೆ ಬಿಲ್ಡರ್ ಆ ಹಂತದ ಗಡುವನ್ನೇ ನೆಪವಾಗಿ ಮುಂದೊಡ್ಡುತ್ತಾನೆ. ಖರೀದಿದಾರರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಫ್ಲಾಟಿನ ಅಳತೆಯನ್ನು ಅಂಗುಲ ಬಿಡದೆ ನೋಡುವವರೂ ಈ ಪುಟವನ್ನು ತೆರೆದಿರುವುದಿಲ್ಲ.

ಹಾಗೆಂದು ಬ್ರೋಷರ್ ಬರಿಯ ಬಣ್ಣದ ಕಾಗದವಲ್ಲ. ಜಾಹೀರಾತಿನ ತಪ್ಪು ಮಾಹಿತಿಯನ್ನು ನಂಬಿ ಹಣ ಕಟ್ಟಿ ನಷ್ಟ ಅನುಭವಿಸಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕೆಂದು ಅದೇ ಕಾಯ್ದೆಯ 12ನೆಯ ಕಲಂ ಹೇಳುತ್ತದೆ. ಬ್ರೋಷರನ್ನು ಜೋಪಾನವಾಗಿಡಿ.

ಟವರಿನ ವಿಷಯದಲ್ಲಿ, ಆ ಮೈದಾನ ನಿಮ್ಮ ಹಂತದ ಮಂಜೂರಾದ ನಕ್ಷೆಯಲ್ಲಿದ್ದರೆ, ನಿಮ್ಮ ಪಕ್ಷವೇ ಗಟ್ಟಿ. ಬಿಲ್ಡರನನ್ನು ಬಿಟ್ಟು ಉಳಿದ ಹಂಚಿಕೆದಾರರಲ್ಲಿ (ಫ್ಲಾಟ್ ಕೊಂಡವರಲ್ಲಿ) ಮೂರನೆಯ ಎರಡು ಭಾಗದಷ್ಟು ಮಂದಿ ಮುಂಚಿತವಾಗಿ ಲಿಖಿತ ಒಪ್ಪಿಗೆ ಕೊಡದೆ ಆ ನಕ್ಷೆಯನ್ನು ಬದಲಿಸುವಂತಿಲ್ಲವೆಂಬುದು 14ನೆಯ ಕಲಮಿನ ನಿಯಮ. ಒಂದು ಕುಟುಂಬಕ್ಕೆ ಎಷ್ಟು ಫ್ಲಾಟುಗಳಿದ್ದರೂ ಈ ಎಣಿಕೆಯಲ್ಲಿ ಅವರು ಒಬ್ಬರೇ.

ಮರುಪ್ರಶ್ನೆ: ನಕ್ಷೆ ಬದಲಾವಣೆಗೆ ಒಪ್ಪಿದ್ದೇವೆಂದು ಮಾರಾಟದ ಕರಾರಿನಲ್ಲಿಯೇ ಬರೆದು ಸಹಿ ಹಾಕಿಸಿಕೊಂಡಿದ್ದಾರಲ್ಲ, ಸರ್?

ಉತ್ತರ: ಹೆದರಬೇಡಿ. ಏನು, ಎಲ್ಲಿ ಬದಲಾಗುತ್ತದೆಂದು ತಿಳಿಸದೆ ಪಡೆದ ಸಾರಾಸಗಟು ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯೆನ್ನಲಾಗದೆಂದು ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದ ಹಳೆಯ ಫ್ಲಾಟ್ ಕಾಯ್ದೆಯಡಿ ಹೇಳಿದೆ. ಅದು ಇಲ್ಲಿ ಕಟ್ಟುನಿಟ್ಟಾಗಿ ಬಾಧ್ಯವಲ್ಲದಿದ್ದರೂ ವಾದಕ್ಕೆ ಒದಗುತ್ತದೆ. ಫ್ಲಾಟ್ ಮಾಲೀಕರ ಸಂಘ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ; ಒಬ್ಬೊಬ್ಬರೇ ಬರೆದ ಪತ್ರಗಳಿಗೆ ಬಿಲ್ಡರ್ ಕಚೇರಿಯಲ್ಲಿ ಸಿಗುವುದು ಸ್ವೀಕೃತಿಯ ಮುದ್ರೆ ಮಾತ್ರ.

ಇನ್ನೊಬ್ಬ ಫ್ಲಾಟ್ ಮಾಲೀಕರು: ನಾನು ನಿವೃತ್ತ. ಮುಂದೆ ಈಜುಕೊಳ ಬಂದರೂ ಇಳಿಯುವವನಲ್ಲ. ಅದರ ನಿರ್ವಹಣಾ ಶುಲ್ಕದಿಂದ ವಿನಾಯಿತಿ ಕೇಳಬಹುದೇ?

ಉತ್ತರ: ಆಗದು, ಹಿರಿಯರೇ. ಸಾಮಾನ್ಯ ಸೌಕರ್ಯವನ್ನು ಬಳಸುವುದಿಲ್ಲವೆಂದು ಹೇಳಿ ಅದರ ವೆಚ್ಚದ ಪಾಲಿನಿಂದ ತಪ್ಪಿಸಿಕೊಳ್ಳಲು ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬಿಡುವುದಿಲ್ಲ. ಪಂಪು, ಜೀವರಕ್ಷಕರ ಸಂಬಳ, ನೀರು ಶುದ್ಧಿ, ಇವೆಲ್ಲ ನಿಮ್ಮ ಲೆಕ್ಕಕ್ಕೂ ಬರುತ್ತವೆ. ಸಂಘದ ವಾರ್ಷಿಕ ಸಭೆಗೆ ಹೋಗಿ ಖರ್ಚಿನ ಲೆಕ್ಕ ಕೇಳುವುದು ಮಾತ್ರ ನಿಮಗಿರುವ ದಾರಿ.